ವಿಜಯಪುರದ ಬಾಕ್ಸಿಂಗ್ ತರಬೇತುದಾರರ ಗಮನಕ್ಕೆ

ಗುಂಪಿನ ಎಲ್ಲ ತರಬೇತುದಾರರಿಗೆ ನಮಸ್ಕಾರ.

3 ನಿಮಿಷಗಳ 3 ಸುತ್ತಿನ ಪಂದ್ಯದಲ್ಲಿ ಸುತ್ತುಗಳ ನಡುವೆ ನಮಗೆ ಸಿಗುವುದು 1 ನಿಮಿಷ ಮಾತ್ರ. ಆಟಗಾರರು ಕುಳಿತು, ದಣಿವಾರಿಸಿಕೊಂಡು, ನೀರು ಕುಡಿಯುವಷ್ಟರಲ್ಲಿ ಅದರಲ್ಲೂ ಬಹುಪಾಲು ಕಳೆದಿರುತ್ತದೆ. ಉಳಿದ ಹೊತ್ತಿನಲ್ಲಿ ನಾನು ಐದಾರು ಸೂಚನೆಗಳನ್ನು ಒಟ್ಟಿಗೇ ಕೂಗುತ್ತಿದ್ದೆನೆಂಬುದು, ನನ್ನದೇ ಧ್ವನಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿದಾಗಲೇ ತಿಳಿಯಿತು (ಕೇಳಲು ನಾಚಿಕೆಯೂ ಆಯಿತು). ಆದ್ದರಿಂದ ಪ್ರತಿ ಸ್ಪಾರಿಂಗ್ (ಅಭ್ಯಾಸದ ಸೆಣಸಾಟ) ಮುಗಿದ ದಿನವೇ, ತಾವು ಏನು ಹೇಳಿದಿರಿ, ಅದರಲ್ಲಿ ಆಟಗಾರರು ಯಾವುದನ್ನು ಮಾಡಿ ತೋರಿಸಿದರು, ತಲೆಗೆ ಪೆಟ್ಟು ಬಿದ್ದಾಗ ಆಟವನ್ನು ನಿಲ್ಲಿಸುವ ಅಥವಾ ಮುಂದುವರಿಸುವ ನಿರ್ಧಾರವನ್ನು ಯಾವ ಲಕ್ಷಣ ನೋಡಿ ತೆಗೆದುಕೊಂಡಿರಿ ಎಂಬುದನ್ನು ಬರೆದಿಡಬೇಕೆಂದು ಕೋರುತ್ತೇನೆ. ಗೆದ್ದ ದಿನವೂ ಬರೆಯಿರಿ. ಭಾನುವಾರ ಬೆಳಗಿನ ತಾಲೀಮಿನ ನಂತರ ಒಬ್ಬೊಬ್ಬರ ಒಂದು ಪುಟವನ್ನು ಚರ್ಚಿಸೋಣ. ಆಟಗಾರರ ಹೆಸರುಗಳನ್ನು ಮಾತ್ರ ಗುಂಪಿನಲ್ಲಿ ಹಾಕಬಾರದು.