ಹೊಸ ಪಿಸ್ತೂಲು ಸೊಂಟಕ್ಕೇರುವ ಮುನ್ನ

ಮಾನ್ಯ ಸಂಪಾದಕರೇ,

ಆತ್ಮರಕ್ಷಣೆಗೆಂದು ಪರವಾನಗಿ ಪಡೆದು ಹೊಸ ಪಿಸ್ತೂಲು ಕೊಳ್ಳುವವರಲ್ಲಿ ಹಲವರು ತಯಾರಕರ ಹೆಸರನ್ನೇ ಖಾತರಿಯೆಂದು ನಂಬಿ, ಶೂಟಿಂಗ್ ರೇಂಜ್‌ನಲ್ಲಿ ನಾಲ್ಕಾರು ಗುಂಡು ಹಾರಿಸಿ ಶಾಸ್ತ್ರ ಮುಗಿಸುತ್ತಾರೆ. ಆದರೆ ಪಿಸ್ತೂಲಿನ ಒಂದು ಮಾದರಿಯು ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ನಮ್ಮ ಕೈಗೆ ಬಂದ ಪಿಸ್ತೂಲು ಕೈಕೊಡುವುದಿಲ್ಲವೆಂದು ಹೇಳಲಾಗದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ನಿಗದಿಪಡಿಸಿರುವ ಪರೀಕ್ಷೆಯಲ್ಲಿ 600 ಗುಂಡು ಹಾರಿಸಬೇಕು; ಮೊದಲ 20ರಲ್ಲಿ ದೋಷ ಕಾಣಬಾರದು, ಒಟ್ಟಿನಲ್ಲಿ 6 ದೋಷಗಳವರೆಗೆ ವಿನಾಯಿತಿ ಇದೆ. ಅಂದರೆ ನೂರು ಗುಂಡಿಗೊಮ್ಮೆ ಕೈಕೊಟ್ಟು ತಡೆಯುವ ಪಿಸ್ತೂಲೂ ಅಲ್ಲಿ ಪಾಸು. ಮಾರಾಟಕ್ಕೆ ಅಷ್ಟು ಸಾಕಿರಬಹುದು, ಪ್ರಾಣವನ್ನು ಅದರ ಮೇಲೆ ಬಿಟ್ಟವರಿಗೆ ಸಾಲದು.

ಪ್ರತಿ ಗುಂಡು ಹಾರಿದಾಗಲೂ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದೆ ಸರಿದು ಗುಂಡಿನ ಖಾಲಿ ಕೋಶವನ್ನು ಎಳೆದು ಹೊರಗೆಸೆಯಬೇಕು, ಮುಂದೆ ಬರುವಾಗ ಗುಂಡುಗಳನ್ನು ತುಂಬಿಡುವ ಪೆಟ್ಟಿಗೆಯಾದ ಮ್ಯಾಗಜಿನ್‌ನಿಂದ ಮತ್ತೊಂದು ಗುಂಡನ್ನು ನಳಿಕೆಗೆ ತಳ್ಳಬೇಕು. ಈ ಸರಣಿಯಲ್ಲಿ ತೊಡಕಾದಾಗ ಅನೇಕ ವೇಳೆ ಕಾರಣ ಪಿಸ್ತೂಲಲ್ಲ, ಮ್ಯಾಗಜಿನ್: ಅದರ ತುಟಿ (ಬಾಯಿಯ ಅಂಚು) ತುಸು ಬಾಗಿದ್ದರೆ ಅಥವಾ ಸ್ಪ್ರಿಂಗ್ ಸೊರಗಿದ್ದರೆ ಗುಂಡು ಸರಿಯಾದ ಕೋನದಲ್ಲಿ ಮೇಲೇಳುವುದಿಲ್ಲ. ಆದ್ದರಿಂದ ಪ್ರತಿ ಮ್ಯಾಗಜಿನ್‌ಗೂ ಸಂಖ್ಯೆ ಬರೆದು, ಯಾವುದರಲ್ಲಿ ಎಷ್ಟನೆಯ ಗುಂಡು ತಡೆಯಿತು ಎಂಬುದನ್ನು ಗುರುತಿಟ್ಟುಕೊಳ್ಳಬೇಕು. ಬರೆದಿಡದಿದ್ದರೆ ದೋಷ ಎಲ್ಲಿಯದೆಂದು ತಿಳಿಯುವುದೇ ಇಲ್ಲ. ಹಿಡಿತ ಸಡಿಲವಾದರೂ ಸ್ಲೈಡ್ ಪೂರ್ತಿ ಹಿಂದೆ ಸರಿಯದಿರಬಹುದಾದ ಕಾರಣ, ಒಂದೇ ಕೈಯಲ್ಲಿ, ಎಡಗೈಯಲ್ಲಿ ಹಿಡಿದೂ ಹಾರಿಸಿ ನೋಡುವುದು ಅಗತ್ಯ.

ಪರೀಕ್ಷೆಗೆ ಮುನ್ನ ಕಾರ್ಖಾನೆಯ ಎಣ್ಣೆಯನ್ನು ಒರೆಸಿ, ತಯಾರಕರ ಕೈಪಿಡಿ ಹೇಳಿದಂತೆ ಹೊಸ ಎಣ್ಣೆ ಹಚ್ಚಬೇಕು. ಅನಂತರ ಒಂದೂ ತಡೆಯಿಲ್ಲದೆ 200 ಗುಂಡು ಎಂಬುದು ಬಳಕೆದಾರರಲ್ಲಿ ರೂಢಿಗೆ ಬಂದಿರುವ ಲೆಕ್ಕ. ಅದು ಶಾಸನವೇನಲ್ಲ, ಆದರೆ ಕಡಿಮೆಯಾದರೆ ನನಗಂತೂ ಸಮಾಧಾನವಿಲ್ಲ. ಇಷ್ಟನ್ನೂ ಅಗ್ಗದ ಅಭ್ಯಾಸದ ಗುಂಡಿನಲ್ಲೇ ಮುಗಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಉರುಟು ಮೂತಿಯ ಗುಂಡು ಸಲೀಸಾಗಿ ಜಾರಿ ನಳಿಕೆ ಸೇರುವ ಕಡೆ, ತುದಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ಗುಂಡು ಸಿಕ್ಕಿಕೊಳ್ಳಬಹುದು. ನಿತ್ಯ ಒಯ್ಯುವ ಗುಂಡು ಯಾವುದೋ ಅದನ್ನೇ, ದುಬಾರಿಯೆನಿಸಿದರೂ, ಪ್ರತಿ ಮ್ಯಾಗಜಿನ್‌ನಿಂದಲೂ ಹಾರಿಸಿ ನೋಡಬೇಕು. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿಸಿದರೆ ತಕ್ಷಣ ನಿಲ್ಲಿಸಬೇಕು. ಗುಂಡು ನಳಿಕೆಯಲ್ಲೇ ಉಳಿದಿದ್ದು ಮತ್ತೊಂದನ್ನು ಹಾರಿಸಿದರೆ ನಳಿಕೆ ಸಿಡಿಯುವ ಅಪಾಯವಿದೆ. ರಿವಾಲ್ವರ್ ಕೊಂಡವರೂ ಈ ಪರೀಕ್ಷೆಯಿಂದ ಮುಕ್ತರಲ್ಲ.

ದೋಷ ಕಂಡು ರಿಪೇರಿಯಾಗಿ ಬಂದ ಪಿಸ್ತೂಲಿಗೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಬೇಕು. ಪರೀಕ್ಷೆ ಗೆದ್ದ ಮೇಲೂ ಒಂದು ಎಚ್ಚರ ಬೇಕು: ದಿನವೂ ಪಿಸ್ತೂಲನ್ನು ಖಾಲಿ ಮಾಡಿ ಅದೇ ಗುಂಡನ್ನು ಮತ್ತೆ ಮತ್ತೆ ನಳಿಕೆಗೇರಿಸಿದರೆ ಅದರ ಮೂತಿ ಕೋಶದೊಳಕ್ಕೆ ಕುಸಿದು, ಹಾರಿಸುವಾಗ ಒತ್ತಡ ಅಪಾಯದ ಮಟ್ಟಕ್ಕೇರಬಹುದು. ಆಗಾಗ ಹೊಸ ಗುಂಡಿನ ಪಕ್ಕದಲ್ಲಿಟ್ಟು ಉದ್ದವನ್ನು ಹೋಲಿಸಿ, ಗಿಡ್ಡವಾಗಿರುವುದನ್ನು ಬಳಕೆಯಿಂದ ತೆಗೆದುಬಿಡಬೇಕು.

ಇಂತಿ,
ಓರ್ವ ಓದುಗ