ಜರ್ಮನಿಯ ಡ್ರೆಸ್ಡೆನ್‌ನಿಂದ ಅಪ್ಪನಿಗೆ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಜ್ಜಿಗೆ, ರಾಘುಗೆ ಕೇಳಿದೆನೆಂದು ಹೇಳಿ.

ಅಮ್ಮನ ಕಾಗದ ಓದಿ ಎದೆ ಧಸಕ್ಕೆಂದಿತು. ನಿಮ್ಮ ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಇನ್ಸುಲಿನ್ ಫ್ರಿಜ್ಜಿನಲ್ಲೇ ಕೂತಿದೆಯಂತೆ, ನೀವು ಮುಟ್ಟಿಯೇ ಇಲ್ಲವಂತೆ. ಅದನ್ನು ಹಂದಿಯಿಂದ ತೆಗೆಯುತ್ತಾರೆ ಅಂತ ಭಾವಯ್ಯ ಹೇಳಿದರಂತೆ.

ಅಪ್ಪ, ಒಂದು ಕಾಲಕ್ಕೆ ಅದು ನಿಜವೇ. ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಆದರೆ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಇನ್ಸುಲಿನ್‌ಗೆ 1982ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟ್‌ನಲ್ಲಿ ಬೆಳೆಸಿದ್ದನ್ನು ಮಾರುಕಟ್ಟೆಗೆ ತಂತು. ಡಬ್ಬಿಯ ಮೇಲೆ ‘ಹ್ಯೂಮನ್’, ‘ಆರ್‌ಡಿಎನ್‌ಎ’ ಅಂತ ಇದೆಯಾ ಎಂದು ರಾಘು ಓದಿ ಹೇಳಲಿ. ಇದ್ದರೆ ಅದು ಮನುಷ್ಯರ ಇನ್ಸುಲಿನ್ನಿನಂಥದ್ದೇ, ಜೀನ್ ತಂತ್ರದಿಂದ ಸೂಕ್ಷ್ಮಜೀವಿಗಳಲ್ಲಿ ಬೆಳೆಸಿದ್ದು ಅಂತ ಅರ್ಥ, ಹಂದಿಯ ಮಾತೇ ಇಲ್ಲ.

ಇನ್ನು ‘ಆ ಬ್ಯಾಕ್ಟೀರಿಯಾಗಳಿಂದ ತೆಗೆದದ್ದು ಶುದ್ಧವೇ’ ಅಂತ ನೀವು ಕೇಳಬಹುದು. ನಾನು ದಿನವಿಡೀ ಮಾಡುವುದು ಪ್ರೋಟೀನ್ ಶುದ್ಧಿ ಮಾಡುವ ಕೆಲಸವೇ ಅಲ್ಲವಾ! 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚಿದರು. ಔಷಧ ಶುದ್ಧವಿರಲಿಲ್ಲ, ಚುಚ್ಚಿದಲ್ಲಿ ಕೀವಾಯಿತು. ಕಾಲಿಪ್ ಎಂಬ ವಿಜ್ಞಾನಿ ಆಲ್ಕೊಹಾಲ್ ಬಳಸಿ ಅದರ ಕಲ್ಮಶ ಬೇರ್ಪಡಿಸಿದರು. ಎರಡು ವಾರದೊಳಗೆ ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮುಂದೆ 13 ವರ್ಷ ಬದುಕಿದ. ಔಷಧ ಅದೇ, ಶುದ್ಧಿ ಮಾತ್ರ ಬೇರೆ.

ನಿಮ್ಮ ಇನ್ಸುಲಿನ್ ಕೊಳವೆಯಂಥ ದೊಡ್ಡ ಕಾಲಮ್‌ಗಳಲ್ಲಿ ಹಾದು ಶುದ್ಧವಾಗಿ ಬರುತ್ತದೆ. ಕಾಲಮ್ಮಿನೊಳಗೆ ತುಂಬುವ ರಾಳ ಬಲು ದುಬಾರಿ. ನಾವು ಅದಿಲ್ಲದೆ, ಹನಿಗಳಿಂದಲೇ ಬೇರ್ಪಡಿಸಲು ನೋಡುತ್ತಿದ್ದೇವೆ. ಜೀವಕೋಶದೊಳಗೆ ಪ್ರೋಟೀನುಗಳು ದ್ರವದ ಹನಿಗಳಾಗಿ ಕೂಡುತ್ತವೆಂದು 2009ರಲ್ಲಿ ಹುಳುವಿನ ಭ್ರೂಣದಲ್ಲಿ ಕಂಡವರು ಇದೇ ಊರಿನ ವಿಜ್ಞಾನಿಗಳಾದ ಹೈಮನ್, ಬ್ರಾಂಗ್‌ವಿನ್ ಮತ್ತವರ ತಂಡ. ನಮಗೆ ಬೇಕಾದ ಪ್ರೋಟೀನಿಗೆ ಹನಿಗಟ್ಟುವ ಗುಣದ ಇನ್ನೊಂದು ಪ್ರೋಟೀನ್ ತುಂಡನ್ನು ಬಾಲದಂತೆ ಸೇರಿಸುತ್ತೇವೆ. ಉಪ್ಪು ಕಡಿಮೆ ಮಾಡಿದೊಡನೆ ತಿಳಿ ದ್ರವ ಹಾಲಿನಂತೆ ಬೆಳ್ಳಗಾಗುತ್ತದೆ. ಯಂತ್ರದಲ್ಲಿ ತಿರುಗಿಸಿದರೆ ಹನಿಗಳೆಲ್ಲ ತಳಕ್ಕೆ ಇಳಿದು ಒಂದಾಗುತ್ತವೆ, ಕಲ್ಮಶ ಮೇಲಿನ ನೀರಿನಲ್ಲೇ ಉಳಿಯುತ್ತದೆ. ಅದನ್ನು ಚೆಲ್ಲಿ, ಉಪ್ಪು ಹೆಚ್ಚಿಸಿದರೆ ಹನಿ ಕರಗುತ್ತದೆ. ಕಿಣ್ವ ಹಾಕಿ ಬಾಲ ಕತ್ತರಿಸಿದರಾಯಿತು. ಆ ಬಿಳುಪು ಕಂಡಾಗಲೆಲ್ಲ ನನಗೆ ಖುಷಿ.

ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಂದ್. ಹಾಲು ಶನಿವಾರವೇ ತರಬೇಕು. ಕಾಗದದ ಕಾಫಿ ಫಿಲ್ಟರ್ ಹುಟ್ಟಿದ್ದೂ ಈ ಊರಲ್ಲೇ, 1908ರಲ್ಲಿ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿಯಿಂದ. ಆದರೆ ಅಮ್ಮ ಕಳಿಸಿದ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ ಕೊಟ್ಟರೆ ಲ್ಯಾಬಿನವರೆಲ್ಲ ಎರಡನೇ ಲೋಟ ಕೇಳುತ್ತಾರೆ!

ದುಡ್ಡಿನ ಯೋಚನೆ ಖಂಡಿತ ಬೇಡ, ನನ್ನ ಹತ್ತಿರ ಬೇಕಾದಷ್ಟಿದೆ. ಊಟ ಸರಿಯಾಗಿದೆ, ಚಳಿ ಏನೇನೂ ಇಲ್ಲ, ಕೆಲಸದಲ್ಲಿ ಒಂದಿಷ್ಟೂ ತೊಂದರೆಯಿಲ್ಲ. ಅಮ್ಮಾ, ಇನ್ಸುಲಿನ್ ಫ್ರೀಜರಿನಲ್ಲಿ ಇಡಬೇಡ, ಹೆಪ್ಪುಗಟ್ಟಿದರೆ ಪ್ರೋಟೀನ್ ಕೆಡುತ್ತದೆ, ಕೆಳಗಿನ ಖಾನೆಯಲ್ಲಿಡು. ಎಷ್ಟು ಯೂನಿಟ್, ಯಾವಾಗ ಅಂತ ಡಾಕ್ಟರನ್ನೇ ಕೇಳಿ, ಭಾವಯ್ಯನನ್ನಲ್ಲ. ನಾಳೆಯೇ ಹೋಗಿ ಬನ್ನಿ ಅಪ್ಪ. ಸಕ್ಕರೆಯ ರಿಪೋರ್ಟ್ ರಾಘು ಫೋಟೊ ತೆಗೆದು ಕಳಿಸಲಿ. ಟ್ರಾಮ್ ಬಂತು, ಉಳಿದದ್ದು ಫೋನಿನಲ್ಲಿ.

ನಿಮ್ಮ,
ಪುಟ್ಟಿ