ಮಾರ್ಕ್ಸ್ ಇನ್ನೂ ಬಂದಿಲ್ಲ ಅಂದೆಯಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ರಾತ್ರಿ ಒಂದೂವರೆಗೆ ನೀನು ಕಳಿಸಿದ ಸ್ಕ್ರೀನ್‌ಶಾಟ್ ಬೆಳಿಗ್ಗೆ ಎದ್ದ ಮೇಲೆ ನೋಡಿದೆ. ಮೂರು ಅಸೈನ್‌ಮೆಂಟ್‌ಗಳ ಮುಂದೆ ಮಾರ್ಕ್ಸ್ ಇದೆ, ನಾಲ್ಕನೆಯದರ ಮುಂದೆ ಬರೀ ಒಂದು ಸಣ್ಣ ಅಡ್ಡಗೆರೆ. ಕೆಳಗೆ ನೀನು ಬರೆದದ್ದು ಇಷ್ಟೇ: 'ಇಪ್ಪತ್ಮೂರು ದಿನ ಆಯ್ತು ದೊಡ್ಡಮ್ಮ. ಏನೋ ಎಡವಟ್ಟಾಗಿದೆ.' ಫೋನ್ ಮಾಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆ ಅಡ್ಡಗೆರೆಯ ಆಚೆ ಬದಿಯಲ್ಲಿ ನಾನು ತುಂಬಾ ವರ್ಷ ಕೂತವಳು. ಅಲ್ಲಿ ಏನು ನಡೆಯುತ್ತದೆ ಅಂತ ಗೊತ್ತಾದರೆ ನಿನ್ನ ಅರ್ಧ ಭಯ ಇಳಿಯುತ್ತದೆ.

ಮೇಡಂ ನನ್ನ ಉತ್ತರ ಓದಿದ್ದಾರೆ, ಅದು ಚೆನ್ನಾಗಿಲ್ಲ, ಅದಕ್ಕೇ ಸುಮ್ಮನಿದ್ದಾರೆ ಅಂತ ನಿನ್ನ ಲೆಕ್ಕ, ಅಲ್ವಾ? ಹಾಗಲ್ಲ ಕಣೇ. ತಡ ಆಗುವುದು ಬೇರೆ ಬೇರೆ ಕಾರಣಕ್ಕೆ. ಒಬ್ಬಿಬ್ಬರಿಗೆ ಹೆಚ್ಚುವರಿ ದಿನ ಕೊಟ್ಟಿರುತ್ತಾರೆ, ಅವರದ್ದು ಬರುವ ತನಕ ಉಳಿದವರ ಮಾರ್ಕ್ಸ್ ತಡೆದಿಟ್ಟಿರುತ್ತಾರೆ. ಇಬ್ಬರು ಮೂವರು ಸೇರಿ ಮಾರ್ಕ್ಸ್ ಹಾಕುತ್ತಿದ್ದರೆ, ಎಲ್ಲರೂ ಒಂದೇ ಅಳತೆಯಲ್ಲಿ ಹಾಕಿದ್ದಾರಾ ಅಂತ ಇನ್ನೊಬ್ಬರು ನೋಡಬೇಕು. ನಿನ್ನ ಕೋರ್ಸ್ ಇರುವ ಮೂಡಲ್ ಅನ್ನುವ ಆನ್‌ಲೈನ್ ಕಲಿಕೆಯ ವ್ಯವಸ್ಥೆಯಲ್ಲಿ ಟೀಚರ್ ಬೇಕೆಂದರೆ ಇದನ್ನೆಲ್ಲ ಆರು ಹಂತ ಮಾಡಿ ಇಟ್ಟುಕೊಳ್ಳಬಹುದು. ಇನ್ನೂ ನೋಡಿಲ್ಲ ಅನ್ನುವುದರಿಂದ ಶುರುವಾಗಿ, ಪರಿಶೀಲನೆ, ಬಿಡುಗಡೆಗೆ ಸಿದ್ಧ, ಕೊನೆಗೆ ಬಿಡುಗಡೆ. ಐದನೇ ಹಂತಕ್ಕೆ ಬಂದರೂ ನಿನಗೆ ಕಾಣುವುದು ಅದೇ ಅಡ್ಡಗೆರೆ. ಗೂಗಲ್ ಕ್ಲಾಸ್‌ರೂಂನಲ್ಲೂ ಅಷ್ಟೇ. ಟೀಚರ್ ಹಾಕಿದ ಮಾರ್ಕ್ಸ್ ಮೊದಲು ಡ್ರಾಫ್ಟ್ ಆಗಿರುತ್ತದೆ, ಅವರು 'ರಿಟರ್ನ್' ಒತ್ತಿದ ಮೇಲೇ ನಿನ್ನ ಕಣ್ಣಿಗೆ ಬೀಳುವುದು.

ಒಂದು ವಿಷಯ ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಒಂದು ಸಲ ಎಲ್ಲರ ಉತ್ತರ ನೋಡಿ, ಮಾರ್ಕ್ಸ್ ಹಾಕಿ, ಕಾಮೆಂಟ್ ಬರೆದು ಮುಗಿಸಿದೆ. ಬಿಡುಗಡೆ ಮಾಡುವ ಆ ಕೊನೆಯ ಒಂದು ಕೆಲಸ ಮರೆತೇಬಿಟ್ಟೆ. ಒಂಬತ್ತು ದಿನ ಹಾಗೇ ಇತ್ತು. ಹತ್ತನೇ ದಿನ ಒಬ್ಬ ಹುಡುಗ ಮೇಲ್ ಮಾಡಿದ. 'ನಾನು ಫೇಲ್ ಆಗಿದ್ದೇನೆ ಅಂತ ಗೊತ್ತು ಮೇಡಂ, ಮುಂದಿನ ಅಸೈನ್‌ಮೆಂಟ್ ಬರೆದು ಏನೂ ಪ್ರಯೋಜನ ಇಲ್ಲ ಅಂತ ಬಿಟ್ಟುಬಿಟ್ಟೆ.' ತೆರೆದು ನೋಡಿದರೆ ಅವನಿಗೆ 100ಕ್ಕೆ 68 ಬಂದಿತ್ತು. ನಾನೇ ಹಾಕಿದ್ದು. ಮುಂದಿನದನ್ನು ಸಲ್ಲಿಸುವ ಕೊನೆಯ ದಿನ ಹಿಂದಿನ ರಾತ್ರಿಯೇ ಕಳೆದಿತ್ತು. ಅವನಿಗೆ ಇನ್ನೆರಡು ದಿನ ಕೊಡಿಸಿದೆ, ಸರಿ. ಆದರೆ ನನ್ನ ಮರೆವಿಗೆ ಆ ಹುಡುಗ ಒಂಬತ್ತು ರಾತ್ರಿ ತೆತ್ತ. ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಿನ್ನ ಮೆಸೇಜ್ ನೋಡಿದ ಕೂಡಲೇ ಅವನೇ ಕಣ್ಣ ಮುಂದೆ ಬಂದ.

ಪುಟ್ಟಿ, ನನ್ನ ಭಯ ನಾಲ್ಕನೆಯದರ ಬಗ್ಗೆ ಅಲ್ಲ. ಅದು ನಿನ್ನ ಕೈ ಬಿಟ್ಟು ಹೋಗಿದೆ, ಬರುವುದು ಬರುತ್ತದೆ. ನೀನು ಐದನೆಯದನ್ನು ಶುರು ಮಾಡಿದ್ದೀಯಾ? ಸ್ಕ್ರೀನ್‌ಶಾಟ್ ತೆಗೆಯುವ ಹೊತ್ತಿನಲ್ಲಿ ಒಂದು ಪ್ಯಾರಾ ಆದರೂ ಬರೆಯಬಹುದಿತ್ತು. ಬೈಯುತ್ತಿಲ್ಲ. ಹಾಗೆ ಆಗುವುದು ಸಹಜ. 2016ರಲ್ಲಿ ಲಂಡನ್ನಿನ ಸಂಶೋಧಕರು 45 ಜನರನ್ನು ಕೂರಿಸಿ ಒಂದು ಕಂಪ್ಯೂಟರ್ ಆಟ ಆಡಿಸಿದರು. ಕಲ್ಲಿನ ಅಡಿಯಲ್ಲಿ ಹಾವಿದೆಯಾ ಇಲ್ಲವಾ ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ಶಾಕ್. ಶಾಕ್ ಖಂಡಿತ ಹೊಡೆಯುತ್ತದೆ ಅಂತ ಗೊತ್ತಿದ್ದಾಗಿನ ಒತ್ತಡಕ್ಕಿಂತ, ಹೊಡೆಯಬಹುದು ಹೊಡೆಯದೇ ಇರಬಹುದು ಅಂತ ಅರ್ಧಕ್ಕರ್ಧ ಇದ್ದಾಗಿನ ಒತ್ತಡವೇ ಜಾಸ್ತಿ ಇತ್ತಂತೆ. ನಿನ್ನನ್ನು ಕಾಡುತ್ತಿರುವುದೂ ಈ ಅರ್ಧಕ್ಕರ್ಧವೇ. ಪೇಜ್ ರಿಫ್ರೆಶ್ ಮಾಡಿದಾಗಲೆಲ್ಲ ಆ ಕಲ್ಲನ್ನು ಮತ್ತೊಮ್ಮೆ ಎತ್ತಿ ನೋಡಿದ ಹಾಗೆ.

ಹಾಗಾಗಿ ಎತ್ತಿ ನೋಡುವುದನ್ನು ಕಮ್ಮಿ ಮಾಡು. ನೋಟಿಫಿಕೇಶನ್ ಆನ್ ಮಾಡಿಕೋ. ಅದೂ ಒಮ್ಮೊಮ್ಮೆ ಬರುವುದಿಲ್ಲ, ಅದಕ್ಕೆ ವಾರಕ್ಕೆ ಎರಡು ದಿನ ಗೊತ್ತು ಮಾಡಿಕೋ, ಸಂಜೆ ಒಂದು ಸಲ ನೋಡು. ಮಲಗುವ ಮುಂಚೆ ಮಾತ್ರ ಬೇಡ. ರಾತ್ರಿ ಒಂದೂವರೆಗೆ ಮಾರ್ಕ್ಸ್ ಬಂದರೂ ಆ ಹೊತ್ತಿನಲ್ಲಿ ಅದನ್ನು ಇಟ್ಟುಕೊಂಡು ನೀನು ಏನೂ ಮಾಡಲಾರೆ.

ಆದರೆ ಸುಮ್ನೆ ಕಾಯುತ್ತಾ ಕೂರು ಅಂತಲೂ ನಾನು ಹೇಳುವುದಿಲ್ಲ. ಮೊದಲು ಆ ಅಸೈನ್‌ಮೆಂಟ್ ತೆರೆದು, ಅದು ನಿಜವಾಗಿ ಸಲ್ಲಿಕೆ ಆಗಿದೆಯಾ ನೋಡು. ಮೂಡಲ್‌ನಲ್ಲಿ ಕೆಲವು ಸಲ ಫೈಲ್ ಹಾಕಿದ ಮೇಲೆ ಇನ್ನೊಂದು ಬಟನ್ ಒತ್ತಬೇಕು. ಒತ್ತದಿದ್ದರೆ ಅದು ಡ್ರಾಫ್ಟ್ ಆಗಿಯೇ ಉಳಿಯುತ್ತದೆ, ನೀನು ಮಾತ್ರ ಕೊಟ್ಟಾಯಿತು ಅಂತ ನಿಶ್ಚಿಂತೆಯಿಂದ ಇರುತ್ತೀಯ. ಆಮೇಲೆ ಕೋರ್ಸ್ ಕೈಪಿಡಿಯಲ್ಲಿ ಮಾರ್ಕ್ಸ್ ಎಷ್ಟು ದಿನಕ್ಕೆ ಕೊಡುತ್ತೇವೆ ಅಂತ ಬರೆದಿದೆಯಾ ಹುಡುಕು. ಸಾಮಾನ್ಯವಾಗಿ ಅದು ಕೆಲಸದ ದಿನಗಳ ಲೆಕ್ಕ. ನಿನ್ನ 23 ದಿನದಲ್ಲಿ ಶನಿವಾರ ಭಾನುವಾರ ಕಳೆದರೆ ಉಳಿಯುವುದು ಹೆಚ್ಚೆಂದರೆ 17. ಅಲ್ಲಿ 20 ಅಂತ ಇದ್ದರೆ ಇನ್ನೂ ತಡವೇ ಆಗಿಲ್ಲ. ಇನ್ನೊಂದು, ಕೆಳಗಿನ ಒಟ್ಟು ಮೊತ್ತ ಕುಸಿದಿದೆ ಅಂತ ಹೆದರಬೇಡ. ಖಾಲಿ ಇರುವುದನ್ನು ಬಿಟ್ಟು ಲೆಕ್ಕ ಹಾಕಬೇಕಾ, ಸೊನ್ನೆ ಅಂತ ಹಿಡಿಯಬೇಕಾ ಅನ್ನುವುದು ಒಂದು ಸೆಟ್ಟಿಂಗ್ ಅಷ್ಟೇ.

ಹೇಳಿದ ದಿನ ದಾಟಿದ್ದರೆ ಕೇಳು. ಸಂಕೋಚ ಬೇಡ, ಕೇಳುವುದು ನಿನ್ನ ಹಕ್ಕು. ಐದನೆಯದು ನಾಲ್ಕನೆಯದರ ಮೇಲೇ ನಿಂತಿದ್ದರೆ, ಇಲ್ಲವೇ ಈ ಮಾರ್ಕ್ಸ್ ತೋರಿಸಿ ಎಲ್ಲಾದರೂ ಅರ್ಜಿ ಹಾಕಬೇಕಿದ್ದರೆ, ದಿನ ದಾಟುವ ತನಕವೂ ಕಾಯಬೇಡ. 'ನನ್ನ ಮಾರ್ಕ್ಸ್ ಯಾಕೆ ಬಂದಿಲ್ಲ' ಅಂತ ಬರೆದರೆ ಓದುವವರು ಮೊದಲು ನೀನು ಯಾರು, ಯಾವ ಪೇಪರ್ ಅಂತ ಹುಡುಕಬೇಕು. ಹೀಗೆ ಬರೆ: 'ನಾಲ್ಕನೇ ಅಸೈನ್‌ಮೆಂಟ್ ಇಂಥ ದಿನ ಸಲ್ಲಿಸಿದ್ದೇನೆ, ಅದರ ಸ್ಕ್ರೀನ್‌ಶಾಟ್ ಜೊತೆಗಿದೆ. ಐದನೆಯದಕ್ಕೆ ಇದರ ಕಾಮೆಂಟ್ ಬೇಕಿತ್ತು. ಯಾವಾಗ ಸಿಗಬಹುದು ಅಂತ ತಿಳಿಸುತ್ತೀರಾ?' ಅಷ್ಟು ಸಾಕು. ಆ ಹುಡುಗ ಮೂರನೇ ದಿನವೇ ಇಂಥ ಎರಡು ಸಾಲು ಬರೆದಿದ್ದರೆ ನನಗೆ ಅವತ್ತೇ ನೆನಪಾಗುತ್ತಿತ್ತು.

ಇನ್ನೊಂದು ಕೆಲಸ, ಇದು ಇವತ್ತೇ ಆಗಬೇಕು. ನಾಲ್ಕನೆಯದನ್ನು ತೆಗೆದು ನೀನೇ ಒಮ್ಮೆ ಓದು. ಪ್ರಶ್ನೆಯ ಜೊತೆ ಕೊಟ್ಟ ಮಾನದಂಡ ಪಕ್ಕದಲ್ಲಿಟ್ಟುಕೊಂಡು ನೀನೇ ಮಾರ್ಕ್ಸ್ ಹಾಕು. ಎಲ್ಲಿ ಗಟ್ಟಿ, ಎಲ್ಲಿ ಜಾಳು ಅಂತ ನೋಟ್‌ಬುಕ್‌ನಲ್ಲಿ ಬರೆದಿಡು. ನಿಜವಾದ ಮಾರ್ಕ್ಸ್ ಬಂದ ದಿನ ಅಂಕಿ ನೋಡಿ ಮುಚ್ಚಬೇಡ, ಕಾಮೆಂಟ್ ಓದಿ ನಿನ್ನ ಬರಹದ ಜೊತೆ ಹೋಲಿಸು. ನಾಲ್ಕು ಸಲ ಹೀಗೆ ಮಾಡಿದರೆ ನಿನ್ನ ಕೆಲಸ ಎಷ್ಟು ತೂಗುತ್ತದೆ ಅಂತ ನಿನಗೇ ಅಂದಾಜು ಸಿಗುತ್ತದೆ. ಆಗ ಯಾರ ಬಟನ್‌ಗೂ ಇಷ್ಟು ಕಾಯಬೇಕಾಗುವುದಿಲ್ಲ.

ಭಾನುವಾರ ಫೋನ್ ಮಾಡುತ್ತೇನೆ. ಮಾರ್ಕ್ಸ್ ಬಂತಾ ಅಂತ ನಾನು ಕೇಳುವುದಿಲ್ಲ. ಐದನೆಯದರ ಮೊದಲ ಪುಟ ಓದಿ ಹೇಳಬೇಕು ನೀನು.

ನಿನ್ನ
ದೊಡ್ಡಮ್ಮ